ಡೊಮೇನ್ ‘ವರ್ಗಾವಣೆ’ಗೆ ಸರಿಯಾದ ಪದ ಯಾವುದು?

ಗೆಳೆಯರೇ,

ಒಂದು ಕಂಪನಿ ಮಾರಾಟವಾದಾಗ ಅದರ ಇಮೇಲ್ ಡೊಮೇನ್ ಕೂಡ ಕೊಂಡವರಿಗೆ ಹೋಗಬೇಕಾಗುತ್ತದೆ. ಡೊಮೇನ್ ಅಂದರೆ ವಿಳಾಸದಲ್ಲಿ ಅಟ್ (@) ಗುರುತಿನ ನಂತರ ಬರುವ ಭಾಗ. ಹೀಗೆ ಕೈ ಬದಲಾಗುವುದಕ್ಕೆ ಕನ್ನಡದ ಕರಾರಿನಲ್ಲಿ ಏನಂತ ಬರೆಯಬೇಕು?

ಹಿನ್ನೆಲೆ ಇಷ್ಟು. ದಾವಣಗೆರೆಯ ಒಂದು ಮೆಕ್ಕೆಜೋಳದ ಕಂಪನಿಯ ವ್ಯವಹಾರವನ್ನು ಚಿತ್ರದುರ್ಗದ ಕಡೆಯ ಒಂದು ಸಹಕಾರ ಸಂಘ ಕೊಂಡಿದೆ. ಕರಾರು ಇಂಗ್ಲಿಷಿನಲ್ಲಿದೆ. ಸಂಘದ ನಿರ್ದೇಶಕರು ಓದಿಯೇ ಸಹಿ ಹಾಕುತ್ತೇವೆ, ಕನ್ನಡದ ಪ್ರತಿ ಕೊಡಿ ಅಂದಿದ್ದಾರೆ. ಅದನ್ನು ಬರೆಯುವ ಕೆಲಸ ನನ್ನದು. ಗೋದಾಮು, ವೇಬ್ರಿಡ್ಜ್, ಲಾರಿ, ಬರಬೇಕಾದ ಬಾಕಿ, ಇವಕ್ಕೆಲ್ಲ ನಮ್ಮ ಮಂಡಿಪೇಟೆಯ ಮಾತೇ ಸಾಕು. ಡೊಮೇನ್ ಬಂದಲ್ಲಿ ಮಾತ್ರ ಬರವಣಿಗೆ ನಿಂತಿದೆ.

ಮೊದಲು ಹೊಳೆಯುವ ಪದ ‘ವರ್ಗಾವಣೆ’. ಆದರೆ ವರ್ಗ ಅಂದಕೂಡಲೇ ನಮಗೆ ನೆನಪಾಗುವುದು ನೌಕರಿ. ಮೇಷ್ಟ್ರಿಗೆ ಜಗಳೂರಿಗೆ ವರ್ಗ ಆಯ್ತು ಅಂತೀವಿ. ಅದನ್ನು ಬೇಕಾದರೆ ಬದಿಗಿಡಬಹುದು. ಇನ್ನೊಂದು ತೊಡಕಿದೆ, ಅದು ಸಣ್ಣದಲ್ಲ. ‘ಇಮೇಲ್ ವರ್ಗಾವಣೆ’ ಅಂತ ಓದಿದವರು ಬಂದ ಮೇಲ್ ಫಾರ್ವರ್ಡ್ ಮಾಡುವುದು ಅಂದುಕೊಳ್ಳುತ್ತಾರೆ. ಇಲ್ಲವೇ ಹಳೇ ಮೇಲ್‌ಗಳೆಲ್ಲ ನಮಗೆ ಬರುತ್ತವೆ ಅಂತ ನಂಬುತ್ತಾರೆ. ಡೊಮೇನ್ ಕೈ ಬದಲಾದ ಮಾತ್ರಕ್ಕೆ ಹಳೇ ಮೇಲ್‌ಗಳು ಹೋಗುವುದಿಲ್ಲ. ಅವು ಮೇಲ್ ಸೇವೆಯ ಸರ್ವರ್‌ನಲ್ಲೇ ಇರುತ್ತವೆ. ಅವನ್ನು ಕೊಡಬೇಕೋ ಬೇಡವೋ ಅನ್ನುವುದಕ್ಕೆ ಬೇರೆಯೇ ಷರತ್ತು ಬೇಕು.

ಒಳಹೊಕ್ಕು ನೋಡಿದರೆ ಇಲ್ಲಿರುವುದು ಮೂರು ಕೆಲಸ. ಡೊಮೇನ್ ಯಾರ ಹೆಸರಿನಲ್ಲಿದೆಯೋ ಅದು ಬದಲಾಗಬೇಕು. ಬೇಕಿದ್ದರೆ ಡೊಮೇನನ್ನು ಒಂದು ರಿಜಿಸ್ಟ್ರಾರ್‌ನಿಂದ, ಅಂದರೆ ಡೊಮೇನ್ ನೋಂದಣಿ ಮಾಡಿಕೊಡುವ ಕಂಪನಿಯಿಂದ, ಇನ್ನೊಂದಕ್ಕೆ ಒಯ್ಯಬೇಕು, ಅದಕ್ಕೊಂದು ಗುಪ್ತ ಕೋಡ್ ಇರುತ್ತದೆ. ಆಮೇಲೆ ಮೇಲ್ ಸೇವೆಯಲ್ಲಿ ಹಳೇ ಸಂಸ್ಥೆಯಿಂದ ಅದನ್ನು ತೆಗೆದು ಹೊಸ ಸಂಸ್ಥೆಗೆ ಜೋಡಿಸಬೇಕು. ಇಂಗ್ಲಿಷ್ ಕರಾರು ಮೂರಕ್ಕೂ ‘ಟ್ರಾನ್ಸ್‌ಫರ್’ ಅಂದುಬಿಟ್ಟಿದೆ. ನಾವೂ ಹಾಗೇ ಮಾಡಬೇಕಿಲ್ಲ, ಅಲ್ವಾ? ಡಾಟ್ ಕಾಮ್‌ನಂಥ ಡೊಮೇನ್‌ಗಳಲ್ಲಿ ಮೊದಲನೆಯ ಕೆಲಸ ಮುಗಿದ ಮೇಲೆ ಎರಡನೆಯದಕ್ಕೆ 60 ದಿನ ತಡೆ ಬೀಳಬಹುದು. ಎರಡಕ್ಕೂ ಒಂದೇ ಪದ ಇಟ್ಟುಕೊಂಡರೆ ಈ ಮಾತನ್ನು ಕರಾರಿನಲ್ಲಿ ಬರೆಯುವುದಾದರೂ ಹೇಗೆ?

ಮೊದಲನೆಯದಕ್ಕೆ ಜಮೀನಿನ ವ್ಯವಹಾರದ ಮಾತು ಹತ್ತಿರ ಅನ್ನಿಸಿತು. ಕ್ರಯ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಆಗುತ್ತದೆ, ಪಹಣಿಯಲ್ಲಿ ಹೆಸರು ಕೂರುವುದು ಆಮೇಲೆ. ಕ್ರಯವಾಗಿಯೂ ಪಹಣಿಯಲ್ಲಿ ಹಳಬರ ಹೆಸರೇ ಉಳಿದರೆ ಏನು ಫಜೀತಿ ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಡೊಮೇನ್ ಕೂಡ ಹಾಗೇ. ಕಂಪನಿ ಮಾರಿದ ಮಾತ್ರಕ್ಕೆ ಡೊಮೇನ್ ದಾಖಲೆಯಲ್ಲಿ ಹೆಸರು ತಾನಾಗಿ ಬದಲಾಗದು. ಹಾಗಾಗಿ ‘ಖಾತೆ ಬದಲಾವಣೆ’ ಚೆನ್ನಾಗಿ ಒಪ್ಪುತ್ತಿತ್ತು. ಆದರೆ ಇಮೇಲ್ ಅಕೌಂಟಿಗೂ ಈಗ ಖಾತೆ ಅನ್ನುತ್ತೇವೆ. ‘ಇಮೇಲ್ ಡೊಮೇನ್ ಖಾತೆ ಬದಲಾವಣೆ’ ಅಂದರೆ ಯಾವ ಖಾತೆ? ‘ಹೆಸರು ಬದಲಾವಣೆ’ ಇನ್ನೂ ಕಷ್ಟ. ‘ಡೊಮೇನ್ ಹೆಸರು ಬದಲಾವಣೆ’ ಅಂತ ಬರೆದರೆ ಡೊಮೇನೇ ಬೇರೆಯಾಯಿತು ಅಂತ ಅರ್ಥ ಬರುತ್ತದೆ. ‘ಪರಭಾರೆ’ ಹಳೇ ಪತ್ರಗಳಲ್ಲಿ ನೆಲೆನಿಂತ ಪದ. ಆದರೆ ಮಾರಾಟ, ದಾನ, ಅಡಮಾನ ಎಲ್ಲ ಅದರೊಳಗೆ ಬರುತ್ತವೆ. ಜೊತೆಗೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ 1978ರ ಪರಭಾರೆ ನಿಷೇಧ ಕಾಯ್ದೆಯಿಂದಾಗಿ ಅದನ್ನು ಕೇಳಿದ ತಕ್ಷಣ ಜನ ಹಿಂಜರಿಯುತ್ತಾರೆ.

ಸದ್ಯಕ್ಕೆ ‘ಹಕ್ಕು ಬದಲಾವಣೆ’ಗೆ ಬಂದು ನಿಂತಿದ್ದೇನೆ. ಮ್ಯುಟೇಷನ್‌ಗೆ, ಅಂದರೆ ಜಮೀನಿನ ದಾಖಲೆಯಲ್ಲಿ ಹಕ್ಕುದಾರರ ಹೆಸರು ಬದಲಾಗುವುದಕ್ಕೆ, ಕಂದಾಯದವರು ಬಳಸುವ ಮಾತು ಅದು. ಆದರೆ ಡೊಮೇನ್ ಶಾಶ್ವತವಾಗಿ ಯಾರ ಸ್ವತ್ತೂ ಅಲ್ಲ. ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ನೋಂದಣಿ, ಆಮೇಲೆ ನವೀಕರಣ. ಅದಕ್ಕೇ ‘ಮಾಲೀಕ’ ಅನ್ನಲು ನನಗೆ ಮನಸ್ಸಿಲ್ಲ. ‘ನೋಂದಣಿದಾರ’ ಸರಿ. ಹಾಗಾದರೆ ‘ನೋಂದಣಿ ಹಕ್ಕು ಬದಲಾವಣೆ’ ಅನ್ನೋಣವೇ? ಉದ್ದವಾಯಿತು, ಆದರೆ ಅರ್ಥ ಪಕ್ಕಾ ಇದೆ.

ರಿಜಿಸ್ಟ್ರಾರ್ ಅನ್ನುವ ಮಾತು ಇನ್ನೊಂದು ಗಂಟು. ಡಾಟ್ ಇನ್ ಡೊಮೇನ್‌ಗಳ ಮೂಲ ದಾಖಲೆ ಇಟ್ಟುಕೊಳ್ಳುವುದು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ಅದು ರಿಜಿಸ್ಟ್ರಿ. ನಮಗೆ ನೋಂದಣಿ ಮಾಡಿಕೊಡುವ ಕಂಪನಿ ರಿಜಿಸ್ಟ್ರಾರ್. ಮಾಡಿಸಿಕೊಂಡವರು ರಿಜಿಸ್ಟ್ರೆಂಟ್. ಕನ್ನಡಕ್ಕೆ ತಂದರೆ ಮೂರೂ ನೋಂದಣಿಯ ಸುತ್ತಲೇ ತಿರುಗುತ್ತವೆ. ‘ನೋಂದಣಾಧಿಕಾರಿ’ ಅಂದರೆ ಸರ್ಕಾರಿ ಅಧಿಕಾರಿ. ಇನ್ನು ಸಹಕಾರ ಸಂಘದವರಿಗೆ ರಿಜಿಸ್ಟ್ರಾರ್ ಅಂದರೆ ಸಹಕಾರ ಸಂಘಗಳ ನಿಬಂಧಕರು! ‘ರಿಜಿಸ್ಟ್ರಾರ್ ಒಪ್ಪಿಗೆ ಬೇಕು’ ಅಂತ ಕರಾರಿನಲ್ಲಿ ಕಂಡರೆ ಅವರು ನೇರ ಇಲಾಖೆಗೆ ಅರ್ಜಿ ಬರೆಯುತ್ತಾರೆ. ‘ಡೊಮೇನ್ ನೋಂದಣಿ ಕಂಪನಿ’ ಅಂತ ಬಿಡಿಸಿ ಬರೆಯುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಡೊಮೇನನ್ನು ‘ಕ್ಷೇತ್ರ’, ‘ವಲಯ’ ಅಂತ ಮಾಡುವುದು ಬೇಡ. ಕ್ಷೇತ್ರ ಅಂದರೆ ಚುನಾವಣೆ ನೆನಪಾಗುತ್ತದೆ.

ಮೂರನೆಯ ಕೆಲಸಕ್ಕೆ ‘ಬಿಡಿಸು’, ‘ಜೋಡಿಸು’ ಅನ್ನುವ ಎರಡು ಕ್ರಿಯಾಪದ ಸಾಕು ಅನ್ನಿಸುತ್ತದೆ. ಮೈಕ್ರೋಸಾಫ್ಟ್ 365ರಂಥ ಸೇವೆಯಲ್ಲಿ ಒಂದೇ ಡೊಮೇನ್ ಏಕಕಾಲಕ್ಕೆ ಎರಡು ಸಂಸ್ಥೆಗಳಲ್ಲಿ ಇರುವಂತಿಲ್ಲ. ಮಾರಿದವರು ಆ ಡೊಮೇನಿನ ಎಲ್ಲ ವಿಳಾಸಗಳನ್ನು ತೆಗೆದು ಬಿಡಿಸಿಕೊಟ್ಟ ಮೇಲೆಯೇ ಕೊಂಡವರು ಜೋಡಿಸಿಕೊಳ್ಳಬಹುದು. ‘ಹಸ್ತಾಂತರ’ ಅಂದರೆ ಒಂದೇ ಗಳಿಗೆಯಲ್ಲಿ ಕೊಟ್ಟು ತೆಗೆದುಕೊಂಡಂತೆ ಕೇಳುತ್ತದೆ. ಇಲ್ಲಿ ಹಾಗಲ್ಲ, ನಡುವೆ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಬಂದ ಮೇಲ್ ಏನಾಗುತ್ತದೆ? ಸರ್ವರ್ ಸಿಗದಿದ್ದರೆ ಕಳಿಸಿದ ಕಡೆಯ ಸರ್ವರ್ ಸಾಮಾನ್ಯವಾಗಿ ಒಂದರಿಂದ ಐದು ದಿನ ಮತ್ತೆ ಮತ್ತೆ ಕಳಿಸಿ ನೋಡುತ್ತದೆ. ಸರ್ವರ್ ಸಿಕ್ಕು, ‘ಈ ವಿಳಾಸ ಇಲ್ಲ’ ಅಂದರೆ ಮೇಲ್ ಆಗಲೇ ವಾಪಸ್. ಹತ್ತಾರು ಊರಿನ ವ್ಯಾಪಾರಸ್ಥರು ಲೆಕ್ಕ ಕಳಿಸುವ ವಿಳಾಸ ಇದು. ಈ ನಡುವಿನ ಹೊತ್ತಿನ ಹೊಣೆ ಯಾರದು ಅಂತ ಬರೆಯಲೇಬೇಕು. ಬರೆಯಬೇಕಾದರೆ ಅದಕ್ಕೊಂದು ಹೆಸರು ಬೇಕು.

‘ಸಂಕ್ರಮಣ ಅವಧಿ’ ಭಾರವಾಯಿತು. ನನಗೆ ಇಷ್ಟವಾದದ್ದು ‘ತೆರಪು’. ಮಳೆ ತೆರಪು ಕೊಟ್ಟಿತು ಅಂತೀವಲ್ಲ, ಅದೇ ಪದ. ‘ತೆರಪಿನ ಅವಧಿಯಲ್ಲಿ ವಾಪಸಾದ ಮೇಲ್‌ಗಳ ಹೊಣೆ ಮಾರಿದವರದು’ ಅಂತ ಬರೆದರೆ ಕರಾರಿನಲ್ಲಿ ನಿಲ್ಲುತ್ತದೆಯೇ? ವಕೀಲಿಕೆ ಮಾಡುವವರು, ಪತ್ರ ಬರೆಯುವವರು ಯಾರಾದರೂ ಈ ಪದವನ್ನು ಕಾಗದದಲ್ಲಿ ಬಳಸಿದ್ದೀರಾ? ‘ನೋಂದಣಿ ಹಕ್ಕು ಬದಲಾವಣೆ’ಗಿಂತ ಚಿಕ್ಕ ಪದ ನಿಮ್ಮ ಕಡೆ ಇದ್ದರೆ ಅದನ್ನೂ ದಯವಿಟ್ಟು ತಿಳಿಸಿ.