ತೋಟದ ಮನೆಯ ಮಂಗಗಳು, ಕೇರೆಹಾವು ಮತ್ತು ಉಂಬಳ

ಪ್ರಶ್ನೆ: ತೀರ್ಥಹಳ್ಳಿಯ ಹತ್ತಿರ ಅಡಿಕೆ ತೋಟದ ಅಂಚಿನಲ್ಲಿರುವ ನಮ್ಮ ಹೆಂಚಿನ ಮನೆಗೆ ರಜೆಯಲ್ಲಿ ಮಕ್ಕಳೊಂದಿಗೆ ಹೋಗುತ್ತೇವೆ. ಅಂಗಳಕ್ಕೆ ಬರುವ ಮಂಗಗಳಿಗೆ ಬಾಳೆಹಣ್ಣು ಕೊಡಲು ಮಕ್ಕಳು ಹಂಬಲಿಸುತ್ತಾರೆ. ಸೌದೆ ಕೊಟ್ಟಿಗೆಯಲ್ಲಿ ಕೇರೆಹಾವೊಂದು ನೆಲೆಸಿದೆ. ಅವುಗಳಿಗೂ ನಮಗೂ ತೊಂದರೆಯಾಗದಂತೆ ಇರುವುದು ಹೇಗೆ?

ಉತ್ತರ: ಕೇರೆಹಾವಿಗೆ ವಿಷವಿಲ್ಲ, ಇಲಿಗಳನ್ನು ಅದು ಹತೋಟಿಯಲ್ಲಿಡುತ್ತದೆ, ದಯವಿಟ್ಟು ಓಡಿಸಬೇಡಿ. ಆದರೆ ಇಲಿಗಾಗಿ ನಾಗರಹಾವೂ, ಕೇರೆಯನ್ನೇ ತಿನ್ನಲು ಕಾಳಿಂಗ ಸರ್ಪವೂ ಬರಬಹುದಾದ್ದರಿಂದ ಸೌದೆ ರಾಶಿಗೆ ನೋಡದೆ ಕೈ ಹಾಕಬಾರದು. ಕಾಳಿಂಗ ಕಂಡರೆ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಿ.

ಉತ್ತರ: ಮಂಗಗಳಿಗೆ ಆಹಾರ ಕೊಡುವುದು ಖಂಡಿತ ಬೇಡ. ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು ಸೋಂಕು ತಗುಲಿದ ಉಣ್ಣೆ ಹುಳುವಿನ ಕಡಿತದಿಂದ ಹರಡುತ್ತದೆ, ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣೆಗಳು ಸುತ್ತಲೂ ಚದುರುತ್ತವೆ. ಸತ್ತ ಮಂಗ ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಕ್ಷಣ ತಿಳಿಸಿ. ಚಳಿಗಾಲದಿಂದ ಬೇಸಿಗೆಯವರೆಗೆ ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಬೇಡಿ. ಕಾಡಿನಿಂದ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿಸಿ, ಬಟ್ಟೆ ಒಗೆಯಿರಿ. ಇದರಲ್ಲಿ ಉದಾಸೀನ ಸಲ್ಲದು.

ಉತ್ತರ: ಮಳೆಗಾಲದಲ್ಲಿ ಹೋಗುವುದಾದರೆ ಉಂಬಳಗಳ (ರಕ್ತ ಹೀರುವ ಕಾಡು ಜಿಗಣೆಗಳ) ವಿಷಯವನ್ನೂ ಮಕ್ಕಳಿಗೆ ಮೊದಲೇ ಹೇಳಿಡಿ. ಅವು ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವವನ್ನು ಸೇರಿಸುವುದರಿಂದ ಗಾಯದಿಂದ ರಕ್ತ ಸ್ವಲ್ಪ ಹೊತ್ತು ಒಸರುತ್ತದೆ, ಗಾಬರಿ ಬೇಡ. ಉಗುರಿನಿಂದ ಮೆಲ್ಲಗೆ ಬಿಡಿಸಿ, ಗಾಯವನ್ನು ತೊಳೆದು ಒತ್ತಿ ಹಿಡಿದರೆ ಸಾಕು.