ತುರ್ತು: ‘ಡಿಬಗ್’ಗೆ ಗೋಡೆ ಮೇಲೆ ಏನು ಬರೆಸಲಿ?

ಗುರುವಾರ ಸಂಜೆ

ಎಲ್ಲರಿಗೂ ನಮಸ್ಕಾರ. ಸೋಮವಾರ ಬೆಳಿಗ್ಗೆ ಪೇಂಟರ್ ಬರುತ್ತಾರೆ. ಅಷ್ಟರೊಳಗೆ ಒಂದು ಪದ ಬೇಕು.

ತುಮಕೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಶನಿವಾರ ಶನಿವಾರ ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಮೊದಲು ಸ್ಕ್ರ್ಯಾಚ್ ಆಯಿತು, ಈಗ ಪೈಥಾನ್. ಕಂಪ್ಯೂಟರ್ ಕೋಣೆಯ ಗೋಡೆಗೆ ನಾವು ದಿನಾ ಬಳಸುವ ಆರು ಪದ ಬರೆಸುತ್ತಿದ್ದೇವೆ. ಐದು ಸಿದ್ಧ ಇವೆ. ಪ್ರೋಗ್ರಾಂ ಪ್ರೋಗ್ರಾಮೇ. ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಲೂಪ್‌ಗೆ ‘ಸುತ್ತು’. ಸಂಖ್ಯೆಯನ್ನೋ ಪದವನ್ನೋ ಹೆಸರು ಕೊಟ್ಟು ಇಡುವ ವೇರಿಯಬಲ್‌ಗೆ ಗಣಿತದ ಪುಸ್ತಕದ ‘ಚರಾಕ್ಷರ’ ಹಾಕೋಣ ಅಂದುಕೊಂಡಿದ್ದೆ. ಆದರೆ ಪೈಥಾನ್‌ನಲ್ಲಿ ‘ಮೊತ್ತ’ ಅಂತ ಇಡೀ ಪದವನ್ನೇ ಹೆಸರಾಗಿ ಇಡಬಹುದು, ಕನ್ನಡ ಲಿಪಿಯಲ್ಲೇ. ಅದನ್ನು ಅಕ್ಷರ ಅನ್ನುವುದು ಹೇಗೆ? ಮಕ್ಕಳು ‘ಡಬ್ಬಿ’ ಅಂದರು, ಹಾಗೇ ಉಳಿಯಿತು.

ಸಿಕ್ಕಿಕೊಂಡಿರುವುದು ಡಿಬಗ್‌ನಲ್ಲಿ. ಅಂದರೆ ಪ್ರೋಗ್ರಾಂ ಎಲ್ಲಿ ಕೆಟ್ಟಿದೆ ಅಂತ ಹುಡುಕಿ ಸರಿಮಾಡುವುದು. ಇಷ್ಟು ದಿನ ಅದಕ್ಕೆ ‘ತಪ್ಪು ತಿದ್ದು’ ಅನ್ನುತ್ತಿದ್ದೆ. ಅದು ಕೆಲಸ ಕೆಡಿಸುತ್ತಿದೆ. ತಪ್ಪು ಅಂದ ತಕ್ಷಣ ಮಕ್ಕಳು ಪರದೆಗೆ ಕೈ ಅಡ್ಡ ಇಡುತ್ತಾರೆ. ಅವರಿಗೆ ತಪ್ಪು ಅಂದರೆ ಕೆಂಪು ಇಂಕು. ಕಳೆದ ವಾರ ಒಬ್ಬ ಹುಡುಗಿ ಹದಿನಾಲ್ಕು ಸಾಲಿನ ಪ್ರೋಗ್ರಾಂ ಪೂರ್ತಿ ಅಳಿಸಿಬಿಟ್ಟಳು. ಸುತ್ತು ಶುರುಮಾಡುವ ವೈಲ್ ಸಾಲಿನ ಕೊನೆಗೆ ಎರಡು ಚುಕ್ಕಿಯ ಕೋಲನ್ ಬಿಟ್ಟುಹೋಗಿತ್ತು, ಅಷ್ಟೇ. ಯಾಕೆ ಅಳಿಸಿದೆ ಅಂದರೆ, ‘ತಪ್ಪಾಗಿತ್ತು ಸಾರ್’ ಅಂದಳು.

ಪದಕೋಶ ನೋಡಿದರೆ ‘ದೋಷನಿವಾರಣೆ’ ಸಿಗುತ್ತದೆ. ನಮ್ಮ ಮಕ್ಕಳಿಗೆ ಅದನ್ನು ಕೇಳಿದರೆ ನಾಗದೋಷ, ಕುಜದೋಷವೇ ಮೊದಲು ನೆನಪಾಗುತ್ತವೆ. ಒಂದು ಅಥವಾ ಎರಡೇ ಪದ ಇರಲಿ. ‘ಮಾಡು’ ಅನ್ನುವ ಹಾಗೆ ಕ್ರಿಯಾಪದವಾಗಿ ಬರಲಿ. ಸಹಾಯ ಮಾಡಿ.

ಗುರುವಾರ ರಾತ್ರಿ

‘ಡಿಬಗ್’ ಅಂತಲೇ ಬರೆಸಿ. ಬಸ್ಸು, ರೈಲು, ಟಿಕೀಟು ನಡೆಯುತ್ತವೆ ಅಲ್ವಾ? ಆ ಮಕ್ಕಳು ಮುಂದೆ ಓದುವುದೆಲ್ಲ ಇಂಗ್ಲಿಷ್‌ನಲ್ಲಿ. ಸುಮ್ನೆ ಎರಡೆರಡು ಪದ ಹೊರಿಸಬೇಡಿ. ಇದರಲ್ಲಿ ಚರ್ಚೆ ಮಾಡುವಂಥದ್ದು ಏನೂ ಇಲ್ಲ.

ಶುಕ್ರವಾರ ಬೆಳಿಗ್ಗೆ

ಇದೆ. ಪದ ನಮ್ಮ ಹಿತ್ತಲಲ್ಲೇ ಬಿದ್ದಿದೆ: ಹುಳುಕು.

ಹಳಗನ್ನಡದ ‘ಪುೞು’ ನಮ್ಮ ಇವತ್ತಿನ ‘ಹುಳು’. ತಮಿಳು, ಮಲಯಾಳಗಳಲ್ಲಿ ಆ ೞಕಾರ, ಅಂದರೆ ಳಕಾರಕ್ಕಿಂತ ಬೇರೆಯಾದ ಹಳೆಯ ಸದ್ದು, ಇನ್ನೂ ಉಳಿದಿದೆ. (ಇದನ್ನು ಹುಣಸೆಯ ‘ಹುಳಿ’ ಜೊತೆ ಸೇರಿಸಬೇಡಿ. ಅದು ‘ಪುಳಿ’, ಬರೀ ಳಕಾರ. ಈ ತಪ್ಪನ್ನು ಇಲ್ಲಿ ಮೊದಲೂ ನೋಡಿದ್ದೇನೆ.) ಹುಳು ಹಿಡಿದದ್ದು ಹುಳುಕು. ಹುಳುಕು ಹಲ್ಲು, ಹುಳುಕು ಬದನೆಕಾಯಿ. ಆಮೇಲೆ ಅದೇ ಪದಕ್ಕೆ ‘ಒಳಗೆ ಅಡಗಿದ ಕೊರತೆ’ ಅನ್ನುವ ಅರ್ಥವೂ ಬಂತು. ಇಂಗ್ಲಿಷ್‌ನವರ ‘ಬಗ್’ (ಹುಳು) ಕೂಡ ಇದೇ ದಾರಿಯಲ್ಲಿ ನಡೆದ ಪದ. ಯಾರನ್ನೂ ನೋಡಿ ಕಲಿಯದೆ ಎರಡು ಭಾಷೆ ಒಂದೇ ಕಡೆ ಬಂದು ನಿಂತಿವೆ. ಇಷ್ಟು ಚೆನ್ನಾಗಿ ಹೊಂದುವ ಪದ ಕೈಯಲ್ಲಿ ಇಟ್ಟುಕೊಂಡು ‘ದೋಷನಿವಾರಣೆ’ ಅನ್ನುವವರಿಗೆ ಏನು ಹೇಳಲಿ?

ಇನ್ನು ‘ಬಗ್’ ಪದ ಕಂಪ್ಯೂಟರಿನಲ್ಲಿ ಸಿಕ್ಕ ಒಂದು ಹಾತೆಯಿಂದ ಹುಟ್ಟಿತು ಅನ್ನುವ ಕಥೆಯನ್ನು ಯಾರಾದರೂ ತರುವ ಮೊದಲೇ ಹೇಳಿಬಿಡುತ್ತೇನೆ. ಹಾರ್ವರ್ಡ್‌ನ ಮಾರ್ಕ್ 2 ಯಂತ್ರದಲ್ಲಿ 1947ರ ಸೆಪ್ಟೆಂಬರ್ 9ರಂದು ಹಾತೆ ಸಿಕ್ಕಿದ್ದು ನಿಜ. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ್ದೂ ನಿಜ. ಆದರೆ ಪದ ಹುಟ್ಟಿದ್ದು ಅಲ್ಲಲ್ಲ. ಎಡಿಸನ್ 1878ರಲ್ಲೇ ಯಂತ್ರದ ತೊಂದರೆಗೆ ಬಗ್ ಅನ್ನುವ ಪದ ಬಳಸಿದ್ದ. ಪದ ಮೊದಲೇ ಬಳಕೆಯಲ್ಲಿ ಇತ್ತು. ಹುಳು ಆಮೇಲೆ ಬಂದು ಸಿಕ್ಕಿಕೊಂಡಿತು.

‘ಹುಳುಕು ತೆಗೆ’ ಅಂತ ಬರೆಸಿ.

ಶುಕ್ರವಾರ ಮಧ್ಯಾಹ್ನ

ಬೇಡ. ‘ಅವನಿಗೆ ಬರೀ ಹುಳುಕು ಹುಡುಕೋದೇ ಕೆಲಸ’ ಅನ್ನುವುದು ಬೈಗುಳ. ತಪ್ಪು ಅನ್ನುವ ಪದದಿಂದ ಮಕ್ಕಳು ಕುಗ್ಗುತ್ತಾರೆ ಅಂತ ಕೇಳಿದವರಿಗೆ ಅದಕ್ಕಿಂತ ಚುಚ್ಚುವ ಪದ ಕೊಡುತ್ತಿದ್ದೀರಿ. ಮೇಲಾಗಿ ಬಗ್ ಅಂದರೆ ತಿಗಣೆಯ ಜಾತಿ, ಹುಳು ಅಲ್ಲ.

ಇನ್ನೊಂದು ಮಾತು. ಸಂಸ್ಕೃತದ ಪದ ಕಂಡ ಕೂಡಲೇ ಉರಿದುಬೀಳುವ ಅಭ್ಯಾಸ ಬಿಡಿ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದಾಗ ಪುಸ್ತಕಕ್ಕೆ ‘ವ್ಯವಹಾರಗಣಿತ’ ಅಂತಲೇ ಹೆಸರಿಟ್ಟ. ಅದರಿಂದ ಕನ್ನಡ ಕೆಟ್ಟಿತೇ? ಕೋನ, ತ್ರಿಜ್ಯ, ವರ್ಗ ಅಂತ ಹಳ್ಳಿ ಮಕ್ಕಳೂ ಕಲಿಯುತ್ತಾರೆ. ‘ದೋಷಶೋಧನೆ’ಯನ್ನೂ ಕಲಿಯುತ್ತಾರೆ.

ಶುಕ್ರವಾರ ಮಧ್ಯಾಹ್ನ, ಸ್ವಲ್ಪ ಹೊತ್ತಿಗೆ

ತಿಗಣೆಯಂತೆ! ಮಿಣುಕುಹುಳು ಹುಳುವೇ? ದೀಪಕ್ಕೆ ಮುತ್ತುವ ಹುಳು ಹುಳುವೇ? ರೆಕ್ಕೆ ಇದ್ದದ್ದನ್ನೂ ಇಲ್ಲದ್ದನ್ನೂ ಕನ್ನಡ ಹುಳು ಅಂತಲೇ ಕರೆಯುತ್ತದೆ. ಪ್ರಾಣಿಶಾಸ್ತ್ರ ಪಕ್ಕಕ್ಕಿಡಿ.

ಕೋನ, ತ್ರಿಜ್ಯವನ್ನು ಮಕ್ಕಳು ಕಲಿಯುತ್ತಾರೆ, ಹೌದು. ಬಾಯಿಪಾಠ ಮಾಡಿ ಕಲಿಯುತ್ತಾರೆ. ಇಂಗ್ಲಿಷ್‌ನವರ ಕಂಪ್ಯೂಟರ್ ಪದಗಳನ್ನು ಒಂದು ಸಲ ನೋಡಿ. ಬಗ್, ಮೌಸ್, ಲೂಪ್, ಸ್ಟ್ರಿಂಗ್, ಟ್ರೀ, ವಿಂಡೋ. ಹುಳು, ಇಲಿ, ಕುಣಿಕೆ, ದಾರ, ಮರ, ಕಿಟಕಿ. ಎಲ್ಲವೂ ಮನೆಯ ಸುತ್ತಮುತ್ತ ಇರುವಂಥವೇ. ಅಲ್ಲಿನ ಮಗು ಅಡುಗೆಮನೆಯ ಮಾತಲ್ಲಿ ಕಲಿಯುತ್ತದೆ. ನಮ್ಮ ಮಗುವಿಗೆ ಮಾತ್ರ ಮಂತ್ರ ಬೇಕಾ?

ಶುಕ್ರವಾರ ರಾತ್ರಿ

ನೀವಿಬ್ಬರೂ ಸ್ವಲ್ಪ ನಿಲ್ಲಿಸಿ. ಸೋಮವಾರ ಪೇಂಟರ್ ಬರುತ್ತಾರೆ ಅಂತ ಅವರು ಹೇಳಿದ್ದಾರೆ.

ಎರವಲಿನ ಬಗ್ಗೆ ನನ್ನದೂ ಒಂದು ಮಾತು ಇರಲಿ. ಅರ್ಜಿ, ಜಮೀನು, ಕಚೇರಿ ನಮ್ಮವಲ್ಲ. ನಮ್ಮ ಕಡೆಯ ಚಾವಿ, ಬಟಾಟಿ ಪೋರ್ಚುಗೀಸರವು. ಹೊರಗಿನ ಪದ ತಂದರೆ ತಪ್ಪಿಲ್ಲ. ಆದರೆ ಚಾವಿ ಬಂದಾಗ ಅದರ ಜೊತೆ ವಸ್ತುವೂ ಕೈಗೆ ಬಂತು. ‘ಡಿಬಗ್’ ಅಂತ ಬರೆದರೆ ಮಗುವಿನ ಕೈಗೆ ಏನು ಬಂತು? ಬರೀ ಸದ್ದು.

ಕೇಳಿದವರ ಸಮಸ್ಯೆ ಹಳೆಯದು. 1967ರಲ್ಲಿ ಗಣಿತಜ್ಞ ಸೀಮೋರ್ ಪೇಪರ್ಟ್ ಮತ್ತು ಅವರ ಜೊತೆಗಾರರು ಮಕ್ಕಳಿಗಾಗಿ ಲೋಗೋ ಭಾಷೆ ಮಾಡಿದರು. ಆಜ್ಞೆ ಕೊಟ್ಟರೆ ಪರದೆ ಮೇಲೆ ಆಮೆ ಗೆರೆ ಎಳೆಯುತ್ತದಲ್ಲ, ಅದೇ. ಪೇಪರ್ಟ್ ಒತ್ತಿ ಹೇಳಿದ್ದೂ ಇದನ್ನೇ. ಪ್ರೋಗ್ರಾಂ ಬರೆಯುವಾಗ ಸರಿಯೋ ತಪ್ಪೋ ಅನ್ನುವುದು ಪ್ರಶ್ನೆ ಅಲ್ಲ, ಇದನ್ನು ರಿಪೇರಿ ಮಾಡಬಹುದೇ ಅನ್ನುವುದು ಪ್ರಶ್ನೆ. ಶಾಲೆ ಮಕ್ಕಳಿಗೆ ಮೊದಲನೆಯದನ್ನೇ ಕಲಿಸಿರುತ್ತದೆ. ಹಾಗಾಗಿ ತಪ್ಪು, ದೋಷ ಎರಡೂ ಬೇಡ. ಎರಡೂ ಮಗುವಿನ ಮೇಲೆ ಹೋಗಿ ಕೂರುತ್ತವೆ. ಹುಳು ಹಾಗಲ್ಲ. ಹುಳು ಹೊರಗಿನಿಂದ ಬಂದು ಸೇರಿಕೊಂಡದ್ದು.

ಬದನೆಕಾಯಿ ಹೆಚ್ಚುವಾಗ ಹುಳ ಕಂಡರೆ ಏನು ಮಾಡುತ್ತೇವೆ? ಕಾಯನ್ನೇ ಎಸೆಯುತ್ತೇವಾ? ಅಷ್ಟು ಭಾಗ ಕೊಯ್ದು ತೆಗೆದು ಮಿಕ್ಕಿದ್ದನ್ನು ಪಲ್ಯಕ್ಕೆ ಹಾಕುತ್ತೇವೆ. ಆ ಹುಡುಗಿ ಇಡೀ ಕಾಯಿ ಎಸೆದಿದ್ದಾಳೆ. ಅವಳಿಗೆ ಇದನ್ನು ಹೇಳಿ.

‘ಹುಳುಕು’ ಬೈಗುಳ ಅನ್ನುವ ಆಕ್ಷೇಪ ನನಗೂ ಸರಿ ಅನ್ನಿಸಿತು. ‘ಕು’ ತೆಗೆದರೆ ಬೈಗುಳವೂ ಹೋಗುತ್ತದೆ. ಹುಳ ಅಂದರೆ ಸಾಕು.

ಶನಿವಾರ ರಾತ್ರಿ

ಎಲ್ಲರಿಗೂ ಧನ್ಯವಾದ. ಇವತ್ತು ತರಗತಿಯಲ್ಲಿ ಪ್ರಯತ್ನ ಮಾಡಿ ನೋಡಿದೆ.

ಮೊದಲು ‘ದೋಷಶೋಧನೆ’ ಅಂತ ಬೋರ್ಡ್ ಮೇಲೆ ಬರೆದೆ. ಓದಿದರು, ಸುಮ್ಮನಾದರು. ‘ಡಿಬಗ್’ ಬರೆದೆ. ಇಬ್ಬರಿಗೆ ಗೊತ್ತಿತ್ತು, ಮೊಬೈಲಿನಲ್ಲಿ ನೋಡಿದ್ದರಂತೆ. ಆಮೇಲೆ ಬದನೆಕಾಯಿಯ ಮಾತು ಹೇಳಿ ‘ಹುಳ ಹುಡುಕು’ ಅಂತ ಬರೆದೆ. ಬೇಕೆಂದೇ ಮೂರು ಹುಳ ಬಿಟ್ಟ ಒಂದು ಪ್ರೋಗ್ರಾಂ ಕೊಟ್ಟೆ. ಒಂದರಲ್ಲಿ ಕೋಲನ್ ಇಲ್ಲ. ಇನ್ನೊಂದರಲ್ಲಿ ‘ಮೊತ್ತ’ ಅನ್ನುವ ಡಬ್ಬಿಯನ್ನು ಒಂದು ಕಡೆ ‘ಮೊತ’ ಅಂತ ಬರೆದಿದ್ದೆ. ಮೂರನೆಯದು ಕಷ್ಟದ್ದು. ಸುತ್ತು ಹತ್ತರ ಬದಲು ಒಂಬತ್ತಕ್ಕೇ ನಿಲ್ಲುತ್ತದೆ, ಪರದೆ ಮೇಲೆ ಯಾವ ಎರರ್ ಕೂಡ ಬರುವುದಿಲ್ಲ, ಉತ್ತರ ಮಾತ್ರ ಕಮ್ಮಿ ಬರುತ್ತದೆ.

ಮೊದಲ ಎರಡನ್ನು ಬೇಗ ಹಿಡಿದರು. ಮೂರನೆಯದಕ್ಕೆ ಜಾಸ್ತಿ ಹೊತ್ತು ಬೇಕಾಯಿತು. ‘ಇದು ಒಳಗೇ ಇರೋ ಹುಳ ಸಾರ್, ಮೇಲೆ ತೂತೇ ಇಲ್ಲ’ ಅಂದ ಒಬ್ಬ ಹುಡುಗ. ಆ ಎರಡು ಬಗೆಯ ವ್ಯತ್ಯಾಸವನ್ನು ನಾನು ಮೂರು ವಾರದಿಂದ ಹೇಳಲು ಒದ್ದಾಡುತ್ತಿದ್ದೆ.

ಅಳಿಸಿದ ಹುಡುಗಿ ತನ್ನ ಪ್ರೋಗ್ರಾಂ ಮತ್ತೆ ಬರೆದಿದ್ದಳು. ಅದರಲ್ಲೂ ಒಂದು ಹುಳ ಇತ್ತು. ಪಕ್ಕದವಳನ್ನು ಕರೆದು ತೋರಿಸಿದಳು. ಪರದೆಗೆ ಕೈ ಅಡ್ಡ ಇಡಲಿಲ್ಲ.

ಗೋಡೆಗೆ ‘ಹುಳ ಹುಡುಕು’ ದೊಡ್ಡದಾಗಿ, ಕೆಳಗೆ ‘ಡಿಬಗ್’ ಚಿಕ್ಕದಾಗಿ ಬರೆಸುತ್ತೇನೆ. ಮುಂದಿನ ಓದಿಗೆ ಅದೂ ಬೇಕು. ಒಂದೇ ಸಂದೇಹ ಉಳಿದಿದೆ. ಮಕ್ಕಳು ‘ಹುಳ’ ಅನ್ನುತ್ತಾರೆ, ಪುಸ್ತಕದಲ್ಲಿ ‘ಹುಳು’ ಇದೆ. ಯಾವುದನ್ನು ಬರೆಸಲಿ? ನಾಳೆ ರಾತ್ರಿಯೊಳಗೆ ಹೇಳಿ.

ಭಾನುವಾರ ಬೆಳಿಗ್ಗೆ

ಹುಳು. ಪುೞುವಿನ ಉಕಾರ ಬಿಡಬೇಡಿ.

ಭಾನುವಾರ ಬೆಳಿಗ್ಗೆ

ಹುಳ. ಗೋಡೆ ಮಕ್ಕಳದ್ದು.