ಟ್ರೆಕಿಯಾಸ್ಟಮಿ, ಪೆಗ್ ಟ್ಯೂಬ್, ಕ್ಯಾತಿಟರ್ ಇರುವವರ ಮನೆ ಆರೈಕೆ: ಏಜೆನ್ಸಿಯ ಕೆಲಸ ಸರಿ ಇದೆಯೇ ಎಂದು ಅಳೆಯುವುದು ಹೇಗೆ?

ಪ್ರಶ್ನೆ: ಜಯನಗರ_ಮನೆ

ಸ್ಟ್ರೋಕ್ ಆಗಿ ಹಾಸಿಗೆ ಹಿಡಿದಿರುವ 68 ವರ್ಷದವರು, ತೂಕ 62 ಕೆಜಿ. ಉಸಿರಾಟಕ್ಕೆ ಕುತ್ತಿಗೆಯಲ್ಲಿ 8 ನಂಬರ್ ಟ್ರೆಕಿಯಾಸ್ಟಮಿ ಟ್ಯೂಬ್, ಊಟಕ್ಕೆ ಹೊಟ್ಟೆಯ ಮೇಲಿಂದ ನೇರ ಜಠರಕ್ಕೆ ಹಾಕಿದ ಪೆಗ್ ಟ್ಯೂಬ್, ಮೂತ್ರಕ್ಕೆ ಸಿಲಿಕೋನ್ ಫೋಲೀಸ್ ಕ್ಯಾತಿಟರ್. ಬೆಂಗಳೂರಿನ ಒಂದು ಏಜೆನ್ಸಿಯಿಂದ 12 ಗಂಟೆಯ ಎರಡು ಶಿಫ್ಟ್: ಹಗಲು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದ ನರ್ಸ್, ರಾತ್ರಿ ಜಿಡಿಎ (ಜನರಲ್ ಡ್ಯೂಟಿ ಅಸಿಸ್ಟೆಂಟ್, ಅಂದರೆ ಆರೈಕೆ ಸಹಾಯಕರು). ರಿಜಿಸ್ಟರ್ ಒಂದು ಗೆರೆಯೂ ಖಾಲಿ ಬಿಡದೆ ತುಂಬಿರುತ್ತದೆ, ಇಬ್ಬರೂ ಸಮಯಕ್ಕೆ ಬರುತ್ತಾರೆ, ಮಾತು ಮೃದು. ಏಜೆನ್ಸಿಯವರು ಆಗಾಗ ಫೋನ್ ಮಾಡಿ 5ಕ್ಕೆ ಎಷ್ಟು ಅಂಕ ಕೊಡುತ್ತೀರಿ ಎನ್ನುತ್ತಾರೆ. ಅದರಿಂದ ಆರೈಕೆಯ ಬಗ್ಗೆ ಏನೂ ತಿಳಿಯುವುದಿಲ್ಲ. ನರ್ಸಿಂಗ್ ಓದದ ಮನೆಯವರು ಯಾವುದನ್ನು ನೋಡಬೇಕು? ರಾತ್ರಿಗೆ ಜಿಡಿಎ ಸಾಕೇ?

ಉತ್ತರ: ಐಸಿಯು_ಸಿಸ್ಟರ್

ಸಾಲದು. ಸ್ನಾನ, ಮಗ್ಗುಲು ಬದಲಿಸುವುದು, ಡೈಪರ್, ಊಟಕ್ಕೆ ನೆರವು ಇವು ಜಿಡಿಎ ತರಬೇತಿಯ ಕೆಲಸಗಳು. ಟ್ರೆಕಿಯಾಸ್ಟಮಿಯಿಂದ ಕಫ ಎಳೆಯುವುದು ನರ್ಸ್ ಕೆಲಸ. ರಾತ್ರಿ ಎಂದು ಕಫ ನಿಲ್ಲುವುದಿಲ್ಲ, ಟ್ಯೂಬ್ ಕಟ್ಟಿಕೊಳ್ಳುವುದೂ ನಿಲ್ಲುವುದಿಲ್ಲ. ಹಗಲಿನವರದೂ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿಯ ಮೂಲ ಪ್ರತಿ ಕೇಳಿ ನೋಡಿ. ಏಜೆನ್ಸಿಯ ಐಡಿ ಕಾರ್ಡ್ ಮೇಲೆ 'ನರ್ಸ್' ಎಂದಿದ್ದರೆ ಅದು ನೋಂದಣಿ ಆಗುವುದಿಲ್ಲ.

ಆಮೇಲೆ ಒಂದು ಸಲ ಪಕ್ಕದಲ್ಲಿ ನಿಂತು ಸಕ್ಷನ್, ಅಂದರೆ ಯಂತ್ರದಿಂದ ಕಫ ಎಳೆಯುವುದನ್ನು ಪೂರ್ತಿ ನೋಡಿ. ಟ್ಯೂಬ್ ನಂಬರ್‌ನಿಂದ 2 ಕಳೆದು ಎರಡರಿಂದ ಗುಣಿಸಿದರೆ ಸಕ್ಷನ್ ಕ್ಯಾತಿಟರ್ ಸೈಜ್ ಸಿಗುತ್ತದೆ. ನಿಮ್ಮ 8ಕ್ಕೆ 12 ಫ್ರೆಂಚ್ (ಕ್ಯಾತಿಟರ್ ದಪ್ಪದ ಅಳತೆ). ಕೆಲಸ ಬೇಗ ಮುಗಿಯಲಿ ಎಂದು 14 ಅಥವಾ 16 ಹಾಕುವವರಿದ್ದಾರೆ. ಅದರ ದಪ್ಪ ಟ್ಯೂಬ್‌ನ ಒಳಗಿನ ಅಗಲದ ಅರ್ಧಕ್ಕಿಂತ ಹೆಚ್ಚಾಗುತ್ತದೆ, ಆಕ್ಸಿಜನ್ ಸರ್ರನೆ ಇಳಿಯಬಹುದು. ಒಳಗೆ ಹಾಕುವಾಗ ಎಳೆತ ಇರಬಾರದು, ಹೊರಗೆ ತೆಗೆಯುವಾಗ ಮಾತ್ರ. ಒಂದು ಸಲಕ್ಕೆ 10ರಿಂದ 15 ಸೆಕೆಂಡ್, ಅದಕ್ಕಿಂತ ಹೆಚ್ಚಿಲ್ಲ. ಒತ್ತಡ 80ರಿಂದ 120 ಎಂಎಂ ಮರ್ಕ್ಯುರಿ, ಅದನ್ನು ಪೈಪ್ ಮಡಚಿ ಹಿಡಿದು ಮೀಟರ್‌ನಲ್ಲಿ ಓದಬೇಕು. ನಾಬ್ ಪೂರ್ತಿ ತಿರುಗಿಸಿಟ್ಟ ಮನೆಗಳಲ್ಲಿ ಕಫದ ಜತೆ ರಕ್ತದ ಎಳೆ ಬರುವುದು ಸಾಮಾನ್ಯ. ಬಾಯಿಯ ಜೊಲ್ಲು ಎಳೆದ ಕ್ಯಾತಿಟರ್ ಮತ್ತೆ ಕುತ್ತಿಗೆಯ ಟ್ಯೂಬ್‌ಗೆ ಹೋಗಲೇಬಾರದು. ಬಳಸಿದ ಕ್ಯಾತಿಟರ್ ಸಲೈನ್ ಬಾಟಲಿಯಲ್ಲಿ ಅದ್ದಿ ನಿಂತಿರುವುದು ಕಂಡರೆ ರಿಜಿಸ್ಟರ್ ಏನೇ ಹೇಳಲಿ, ಆರೈಕೆ ಕೆಟ್ಟದ್ದು.

ಹಾಸಿಗೆ ಪಕ್ಕ ಕೈಗೆಟಕುವಂತೆ ಇನ್ನೊಂದು 8 ನಂಬರ್ ಟ್ಯೂಬ್, ಒಂದು 7 ನಂಬರ್, ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), 10 ಎಂಎಲ್ ಸಿರಿಂಜ್, ಹೊಸ ಕಟ್ಟುಪಟ್ಟಿ ಇರಬೇಕು. ಕರೆಂಟ್ ಹೋದಾಗ ಸಕ್ಷನ್ ಯಂತ್ರ ಬ್ಯಾಟರಿಯಲ್ಲಿ ಓಡಬೇಕು, ಇಲ್ಲವೇ ಕಾಲಿನಿಂದ ತುಳಿಯುವ ಯಂತ್ರ ಇರಬೇಕು. ಪ್ಲಗ್ ಕಿತ್ತು ಪರೀಕ್ಷಿಸಿ.

ಕೊನೆಗೆ ಎರಡು ಪ್ರಶ್ನೆ ಕೇಳಿ: "ಟ್ಯೂಬ್ ಕಟ್ಟಿಕೊಂಡರೆ ಮೊದಲು ಏನು ಮಾಡುತ್ತೀರಿ? ಪೂರ್ತಿ ಹೊರಬಂದರೆ?" ಮೊದಲನೆಯದಕ್ಕೆ ಒಳಗಿನ ಕ್ಯಾನ್ಯುಲಾ (ಟ್ಯೂಬ್‌ನೊಳಗಿನ, ತೆಗೆಯಬಹುದಾದ ಕೊಳವೆ) ಹೊರತೆಗೆಯುತ್ತೇನೆ ಎಂಬ ಉತ್ತರ ತಡವರಿಸದೆ ಬರಬೇಕು. ಎರಡನೆಯದಕ್ಕೆ "ಸೂಪರ್‌ವೈಸರ್‌ಗೆ ಫೋನ್ ಮಾಡುತ್ತೇನೆ" ಎಂಬುದು ಮೊದಲ ಮಾತಾದರೆ ಆ ವ್ಯಕ್ತಿಯನ್ನು ರೋಗಿಯ ಜತೆ ಒಂಟಿಯಾಗಿ ಬಿಡಬೇಡಿ.

ಉತ್ತರ: ರಿಹ್ಯಾಬ್_ಧಾರವಾಡ

ರಿಜಿಸ್ಟರ್ ಅಷ್ಟು ಚೊಕ್ಕವಾಗಿದೆ ಎಂಬುದೇ ನನಗೆ ಅನುಮಾನ. 2, 4, 6, 8 ಗಂಟೆ ಎಂದು ಒಂದೇ ಪೆನ್ನಿನಲ್ಲಿ, ಒಂದೇ ಒತ್ತಿನ ಅಕ್ಷರದಲ್ಲಿ ಇದ್ದರೆ ಅದು ಬೆಳಿಗ್ಗೆ ಕೂತು ಒಟ್ಟಿಗೆ ಬರೆದದ್ದು. ರಾತ್ರಿ ಮೂರೂವರೆಗೆ ಎದ್ದು ಹೋಗಿ, ರೋಗಿ ಯಾವ ಮಗ್ಗುಲಲ್ಲಿದ್ದಾರೆ ಎಂದು ನೋಡಿಟ್ಟುಕೊಳ್ಳಿ. ಬೆಳಿಗ್ಗೆ ರಿಜಿಸ್ಟರ್ ಜತೆ ತಾಳೆ ಹಾಕಿ.

ನಿಜವಾದ ದಾಖಲೆ ಚರ್ಮ. ಬೆನ್ನಿನ ಬುಡದ ಮೂಳೆ, ಹಿಮ್ಮಡಿ, ಸೊಂಟದ ಪಕ್ಕ, ತಲೆಯ ಹಿಂಭಾಗ, ಟ್ರೆಕಿಯಾಸ್ಟಮಿ ಪಟ್ಟಿಯ ಕೆಳಗಿನ ಕುತ್ತಿಗೆ ಇಷ್ಟನ್ನೂ ದಿನಾ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಡಿ; ಬಿಳಿಚದಿದ್ದರೆ ಹಾಸಿಗೆ ಹುಣ್ಣಿನ ಮೊದಲ ಹಂತ. ನಮ್ಮ ಕಪ್ಪು, ಗೋಧಿ ಬಣ್ಣದ ಮೈಯಲ್ಲಿ ಕೆಂಪು ಕಾಣದೇ ಇರಬಹುದು. ಅಂಗೈಯಿಂದ ಮುಟ್ಟಿ, ಸುತ್ತಲಿನ ಜಾಗಕ್ಕಿಂತ ಬಿಸಿ ಇದೆಯೇ, ಗಟ್ಟಿ ಅಥವಾ ಮೆತ್ತಗೆ ಆಗಿದೆಯೇ ನೋಡಿ. ಇದನ್ನು ಮೊದಲು ಗಮನಿಸಿದವರು ಯಾರು ಎಂಬುದನ್ನೂ ಬರೆದಿಡಿ. ಪ್ರತಿ ಸಲವೂ ಮನೆಯವರೇ ಆಗಿದ್ದರೆ ಸ್ನಾನ ನಡೆಯುತ್ತಿದೆ, ತಪಾಸಣೆ ನಡೆಯುತ್ತಿಲ್ಲ.

ಏರ್ ಬೆಡ್ ಇದ್ದರೆ ಅದರ ಕೆಳಗೆ, ಸೊಂಟದ ನೇರಕ್ಕೆ, ಅಂಗೈ ಮೇಲ್ಮುಖವಾಗಿ ತೂರಿಸಿ. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು. ಅದರ ಮೇಲೆ ರಬ್ಬರ್ ಶೀಟ್, ಮಡಚಿದ ಬೆಡ್‌ಶೀಟ್, ಹಳೇ ಪಂಚೆ ಹಾಸಿದ್ದರೆ ಏರ್ ಬೆಡ್ ಇದ್ದೂ ಇಲ್ಲದಂತೆ. ಊಟಕ್ಕೆ ತಲೆಭಾಗ ಎತ್ತುವ ಮುಂಚೆ ಮೊಣಕಾಲಿನ ಕೆಳಗೆ ದಿಂಬು ಇಡಬೇಕು. ಇಲ್ಲದಿದ್ದರೆ ಮೈ ಜಾರಿ ಬೆನ್ನಿನ ಬುಡದ ಚರ್ಮ ಉಜ್ಜಿ ಕೀಳುತ್ತದೆ. ಎಷ್ಟೋ ಹುಣ್ಣುಗಳಿಗೆ ಈ ಜಾರಿಕೆಯೇ ಮೂಲ.

ಉತ್ತರ: ಡಯಟ್_ಮೈಸೂರು

ಊಟ ಮತ್ತು ಮೂತ್ರದ ಲೆಕ್ಕದಲ್ಲೂ ಸುಳ್ಳು ಸಿಕ್ಕಿಬೀಳುತ್ತದೆ. 62 ಕೆಜಿಯವರಿಗೆ ಗಂಟೆಗೆ ಕೆಜಿಗೆ ಅರ್ಧ ಎಂಎಲ್‌ನಂತೆ ದಿನಕ್ಕೆ ಕನಿಷ್ಠ 740 ಎಂಎಲ್ ಮೂತ್ರ ಬರಬೇಕು. ವಾರವಿಡೀ 1500, 1500 ಎಂದೇ ಬರೆದಿದ್ದರೆ ಯಾರೂ ಅಳೆಯುತ್ತಿಲ್ಲ. ಚೀಲದ ಮೇಲಿನ ಗೆರೆ ಅಂದಾಜಿಗಷ್ಟೇ, ಅಳತೆಯ ಜಗ್‌ಗೆ ಸುರಿದು ನೋಡಬೇಕು. ಚೀಲ ಮೂತ್ರಕೋಶಕ್ಕಿಂತ ಕೆಳಗೆ ಇರಬೇಕು, ಆದರೆ ನೆಲಕ್ಕೆ ತಾಗಬಾರದು.

ಪೆಗ್‌ಗೆ ಊಟ ಕೊಡುವಾಗ ತಲೆಭಾಗ 30ರಿಂದ 45 ಡಿಗ್ರಿ, ಮುಗಿದ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೆಯೇ. ಮುಂಚೆ, ಆಮೇಲೆ 30 ಎಂಎಲ್ ನೀರು. ಟ್ಯೂಬ್ ಪದೇಪದೇ ಕಟ್ಟಿಕೊಳ್ಳುತ್ತಿದ್ದರೆ ಮೂರು ಕಾರಣ ನೋಡಿ: ಸೋಸದ ರಾಗಿ ಗಂಜಿ, ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಅರೆದು ಹಾಕುವುದು, ನೀರು ಬಿಡದಿರುವುದು. ಹೆಸರಿನ ಕೊನೆಗೆ ಎಸ್‌ಆರ್ ಅಥವಾ ಇಆರ್ ಇರುವ, ನಿಧಾನವಾಗಿ ಔಷಧಿ ಬಿಡುವ ಮಾತ್ರೆ ಅರೆಯಲೇಬಾರದು, ಇಡೀ ದಿನದ ಔಷಧಿ ಒಮ್ಮೆಗೇ ಮೈಗೆ ಸೇರುತ್ತದೆ. ಡಾಕ್ಟರನ್ನು ಕೇಳಿ ಬದಲಿ ಬರೆಸಿಕೊಳ್ಳಿ. ತೂಕ ನೋಡಲು ಆಗದಿದ್ದರೆ ತಿಂಗಳಿಗೊಮ್ಮೆ ತೋಳಿನ ನಡುಭಾಗದ ಸುತ್ತಳತೆ ಟೇಪ್‌ನಲ್ಲಿ ಬರೆದಿಡಿ. ಇಳಿಯುತ್ತಾ ಹೋದರೆ ರಿಜಿಸ್ಟರ್‌ನಲ್ಲಿ ಬರೆದಷ್ಟು ಊಟ ಒಳಗೆ ಹೋಗುತ್ತಿಲ್ಲದಿರಬಹುದು, ಅಥವಾ ಗೊತ್ತುಮಾಡಿದ ಊಟದ ಪ್ರಮಾಣವೇ ಕಡಿಮೆ ಇರಬಹುದು.

ಪ್ರಶ್ನೆ: ಜಯನಗರ_ಮನೆ

ಇವೆಲ್ಲ ಮನೆಯಲ್ಲಿ ನೋಡುವಂಥವು. ಏಜೆನ್ಸಿಯನ್ನೇ ಅಳೆಯುವುದು ಹೇಗೆ?

ಉತ್ತರ: ಐಸಿಯು_ಸಿಸ್ಟರ್

ಮೊದಲು, 30 ದಿನದಲ್ಲಿ ಎಷ್ಟು ಹೊಸ ಮುಖ ಬಂದವು ಎಂದು ಎಣಿಸಿ. ಹೊಸಬರು ಬಂದ ದಿನ ಹಳಬರು ಹಾಸಿಗೆ ಪಕ್ಕ ನಿಂತು ಕೆಲಸ ಒಪ್ಪಿಸಿದರೇ, ಬಾಗಿಲಲ್ಲೇ ಕೀಲಿ ಕೊಟ್ಟು ಹೋದರೇ? ಬದಲಿಯಾಗಿ ಬರುವವರಿಗೆ ಟ್ರೆಕಿಯಾಸ್ಟಮಿ ಗೊತ್ತಿರಲೇಬೇಕು ಎಂಬ ಮಾತು ಒಪ್ಪಂದದಲ್ಲಿ ಲಿಖಿತವಾಗಿರಲಿ. ಬಾಯಿಮಾತು ಹಬ್ಬದ ವಾರ ನಿಲ್ಲುವುದಿಲ್ಲ. ನರ್ಸಿಂಗ್ ಓದಿದ ಸೂಪರ್‌ವೈಸರ್ ಹೇಳದೆ ಕೇಳದೆ ಮನೆಗೆ ಬಂದು ಕಫ ಎಳೆಯುವುದನ್ನು ನೋಡುತ್ತಾರೆಯೇ ಎಂಬುದು ಆ 5ಕ್ಕೆ ಅಂಕ ಕೇಳುವ ಫೋನ್‌ಗಿಂತ ಮುಖ್ಯ.

ಖರ್ಚು ಉಳಿಸಲು ಒಬ್ಬರನ್ನೇ 24 ಗಂಟೆ ಇಡೋಣ ಎಂದು ಏಜೆನ್ಸಿ ಹೇಳಿದರೆ ಒಪ್ಪಬೇಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ ರೋಗಿಯ ಹತ್ತಿರ ಒಬ್ಬ ಮನುಷ್ಯ ದಿನವಿಡೀ ಎಚ್ಚರ ಇರಲಾರ. ಆತ ನಿದ್ದೆ ಹೋಗುವುದು ಆತನ ತಪ್ಪಲ್ಲ, ಡ್ಯೂಟಿ ಹಾಕಿದವರದು.

ಪ್ರತಿ ತಿಂಗಳ ಬಿಲ್, ಒಪ್ಪಂದ, ಬದಲಿ ಕಳಿಸಿದ ಮೆಸೇಜ್‌ಗಳನ್ನು ಇಟ್ಟುಕೊಳ್ಳಿ. ಹಣ ಕೊಟ್ಟು ಪಡೆದ ಸೇವೆಯಾದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಅಲ್ಲಿ ಬೇಕಾಗುವುದು ಈ ಕಾಗದಗಳೇ. ಅದಕ್ಕೂ ಮೊದಲು ಇವತ್ತೇ ಏಜೆನ್ಸಿಗೆ ಬರೆದು ರಾತ್ರಿ ಶಿಫ್ಟಿಗೆ ನರ್ಸ್ ಕೇಳಿ. ಅವರು ಬರುವವರೆಗೆ ಮನೆಯ ಇಬ್ಬರಾದರೂ ಹಗಲಿನ ಸಿಸ್ಟರ್ ಕೈಯಿಂದ ಸಕ್ಷನ್ ಮಾಡುವುದನ್ನೂ ಒಳಗಿನ ಕ್ಯಾನ್ಯುಲಾ ತೆಗೆಯುವುದನ್ನೂ ಕಲಿತುಕೊಳ್ಳಿ.